ಬಿಡೋದು ಸರಿ, ಬಿಟ್ಟು ಎಲ್ಲಿಗೆ?

2016ರ ಜೂನ್ 23, ಗುರುವಾರ. ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಡಬೇಕೋ ಬೇಡವೋ ಎಂದು ಕೇಳಿದ ಬ್ರೆಕ್ಸಿಟ್ ಜನಮತದ ದಿನ. ಮಳೆ ಅಂದರೆ ಮಳೆ. ಲಂಡನ್ ಸುತ್ತಮುತ್ತ ಹಲವು ಕಡೆ ರಸ್ತೆ ಮೇಲೆ ನೀರು ನಿಂತಿತ್ತು, ಸಂಜೆ ಹೊತ್ತಿಗೆ ರೈಲುಗಳೂ ಕೈಕೊಟ್ಟವು. ನಾನು ಆಗ ಸ್ಲೌ ಅನ್ನೋ ಊರಿನಲ್ಲಿದ್ದೆ. ಹೀಥ್ರೂ ವಿಮಾನ ನಿಲ್ದಾಣದಿಂದ ಸ್ವಲ್ಪ ಆಚೆ. ಪಂಜಾಬಿಗಳು, ಪಾಕಿಸ್ತಾನದವರು, ಪೋಲೆಂಡಿನವರು, ಜೊತೆಗೆ ನಮ್ಮಂಥ ಐಟಿ ಮಂದಿ ಎಲ್ಲರೂ ಬೆರೆತಿರುವ ಜಾಗ. ಮತಗಟ್ಟೆ ಇದ್ದದ್ದು ಒಂದು ಪ್ರೈಮರಿ ಶಾಲೆಯಲ್ಲಿ. ಕೊಡೆ ಮಡಚಿ ಒಳಗೆ ಹೋಗಿ ಹೆಸರು, ವಿಳಾಸ ಹೇಳಿದೆ. ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಗೆರೆ ಎಳೆದರು, ಕಾಗದ ಕೊಟ್ಟರು, ಅಷ್ಟೇ. ಗುರುತಿನ ಚೀಟಿ ಕೇಳಲೇ ಇಲ್ಲ. ನಾನು ಅಭ್ಯಾಸಬಲದಿಂದ ಎಡಗೈ ಬೆರಳು ಮುಂದೆ ಚಾಚಿಬಿಟ್ಟಿದ್ದೆ, ಶಾಯಿ ಹಚ್ಚುತ್ತಾರೇನೋ ಅಂತ. ಮೈಸೂರಿನ ಶಾಯಿ ಅಲ್ಲಿಗೆ ಎಲ್ಲಿ ಬರಬೇಕು? ಮೇಜಿನ ಹಿಂದಿದ್ದ ಅಜ್ಜಿಗೆ ಏನೂ ಅರ್ಥವಾಗದೆ ಸುಮ್ನೆ ನಕ್ಕರು.

ಹಲಗೆ ಹೊಡೆದು ಮಾಡಿದ ಗೂಡು. ದಾರ ಕಟ್ಟಿದ ಒಂದು ಮೋಟು ಪೆನ್ಸಿಲ್. ಪೆನ್ಸಿಲಲ್ಲಿ ಹಾಕಿದ ಗುರುತನ್ನು ರಾತ್ರಿ ಅಳಿಸಿಬಿಡುತ್ತಾರೆ, ನಿಮ್ಮ ಪೆನ್ ನೀವೇ ತಗೊಂಡು ಹೋಗಿ ಎಂಬ ಗಾಳಿಮಾತು ಆ ದಿನ ಟ್ವಿಟರಿನಲ್ಲಿ ಜೋರಾಗಿ ಓಡುತ್ತಿತ್ತು. ಕಾಗದದ ಮೇಲೆ ಒಂದೇ ಪ್ರಶ್ನೆ. ಯುನೈಟೆಡ್ ಕಿಂಗ್‌ಡಮ್ ಯುರೋಪಿಯನ್ ಒಕ್ಕೂಟದಲ್ಲಿ ಉಳಿಯಬೇಕೋ, ಒಕ್ಕೂಟ ಬಿಡಬೇಕೋ? ಕೆಳಗೆ ಎರಡು ಸಾಲು, ಎರಡು ಚೌಕ.

ನನ್ನ ಹತ್ತಿರ ಇದ್ದದ್ದು ಭಾರತದ ಪಾಸ್‌ಪೋರ್ಟ್. ಆದರೂ ಓಟು ಇತ್ತು. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಕಾನೂನುಬದ್ಧವಾಗಿ ಬ್ರಿಟನ್ನಿನಲ್ಲಿ ವಾಸವಿದ್ದರೆ ಅಲ್ಲಿನ ಪಾರ್ಲಿಮೆಂಟ್ ಚುನಾವಣೆಗೆ ಮತ ಹಾಕಬಹುದು. ಈ ಜನಮತಕ್ಕೂ ಅದೇ ಪಟ್ಟಿ ಬಳಸಿದರು. ಹಾಗಾಗಿ ಒಂದು ವರ್ಷದ ಹಿಂದೆ ಬೆಂಗಳೂರಿಂದ ಬಂದಿಳಿದ ಇಂಜಿನಿಯರ್‌ಗೂ ಓಟು. ನಮ್ಮ ಬೀದಿಯಲ್ಲೇ ಎರಡು ಮನೆ ಆಚೆ ಇದ್ದ ಪೋಲೆಂಡಿನ ಹೆಂಗಸು, ಹನ್ನೊಂದು ವರ್ಷದಿಂದ ಅಲ್ಲೇ ದುಡಿದು ತೆರಿಗೆ ಕಟ್ಟುತ್ತಿದ್ದವರು, ಅವರಿಗೆ ಇಲ್ಲ. ಯುರೋಪಿನವರಲ್ಲಿ ಐರ್ಲೆಂಡಿನವರಿಗೆ ಇತ್ತು. ಮಾಲ್ಟಾ, ಸೈಪ್ರಸ್‌ನವರಿಗೆ ಇತ್ತು, ಅವೂ ಕಾಮನ್‌ವೆಲ್ತ್ ಅನ್ನೋ ಕಾರಣಕ್ಕೆ. ಮಿಕ್ಕವರಿಗೆ ಇಲ್ಲ. ಯಾರ ಬದುಕು ಈ ಮತದಿಂದ ಅಲ್ಲಾಡುತ್ತದೋ ಅವರನ್ನೇ ಹೊರಗೆ ನಿಲ್ಲಿಸಿ, ಹಳೇ ಸಾಮ್ರಾಜ್ಯದ ನೆಂಟಸ್ತಿಕೆಯ ಮೇಲೆ ನಮ್ಮನ್ನು ಒಳಗೆ ಕರೆದರು. ವಿಚಿತ್ರ ಅಲ್ವಾ?

ಅದಿರಲಿ. ಹಕ್ಕು ಇದ್ದ ಮೇಲೆ ಯೋಚನೆ ಮಾಡಿಯೇ ಹಾಕಬೇಕಲ್ಲ. ಆ ಮೂರು ತಿಂಗಳು ನಾನು ಹೇಗೆ ಯೋಚಿಸಿದೆ, ಎಲ್ಲಿ ಸರಿ ಹೋದೆ, ಎಲ್ಲಿ ಎಡವಿದೆ ಅನ್ನೋದನ್ನು ಈಗ ಹತ್ತು ವರ್ಷದ ದೂರದಿಂದ ನೋಡಿದರೆ ಸ್ವಲ್ಪ ಸ್ಪಷ್ಟ ಕಾಣುತ್ತದೆ.

ಮೊದಲು ಆ ಪ್ರಶ್ನೆಯನ್ನೇ ನೋಡಿ. ಆರಂಭದಲ್ಲಿ ಸರ್ಕಾರ ಬರೆದಿದ್ದ ಪ್ರಶ್ನೆ ಬೇರೆ ಇತ್ತು. ಒಕ್ಕೂಟದಲ್ಲಿ ಉಳಿಯಬೇಕೆ, ಹೌದು ಅಥವಾ ಇಲ್ಲ. ಚುನಾವಣಾ ಆಯೋಗ 2015ರ ಸೆಪ್ಟೆಂಬರಿನಲ್ಲಿ, ಹೀಗೆ ಕೇಳಿದರೆ ‘ಉಳಿ’ ಕಡೆಗೆ ಸ್ವಲ್ಪ ವಾಲಿದಂತೆ ಕಾಣುತ್ತದೆ, ಎರಡೂ ಮಾತನ್ನು ಪ್ರಶ್ನೆಯಲ್ಲೇ ಇಡಿ ಎಂದು ಸಲಹೆ ಕೊಟ್ಟಿತು. ಇಟ್ಟರು. ಮಾತಿನ ಮಟ್ಟಿಗೆ ತಕ್ಕಡಿ ಸಮ ಆಯಿತು. ಅರ್ಥದ ಮಟ್ಟಿಗೆ ಆಗಲಿಲ್ಲ. ಯಾಕೆಂದರೆ ‘ಉಳಿ’ ಅಂದರೆ ಏನು ಅಂತ ಎಲ್ಲರಿಗೂ ಗೊತ್ತಿತ್ತು, ಒಳ್ಳೆಯದೋ ಕೆಟ್ಟದ್ದೋ, ಈಗ ಇರುವ ಹಾಗೆ. ‘ಬಿಡು’ ಅಂದರೆ ಏನು? ಅದಕ್ಕೆ ಒಬ್ಬೊಬ್ಬರ ಹತ್ತಿರ ಒಂದೊಂದು ಉತ್ತರ ಇತ್ತು.

ಊರಿನಲ್ಲಿ ಅಣ್ಣತಮ್ಮಂದಿರು ಪಾಲಾಗೋದನ್ನು ನೋಡಿದ್ದೀರಲ್ಲ. ನನ್ನ ಪಾಲು ಕೊಟ್ಟುಬಿಡಿ ಅನ್ನೋದಕ್ಕೆ ಒಂದು ಸಂಜೆ ಸಾಕು. ಹಿರಿಯರು ಕೂತು ಒಪ್ಪಿಸೋದಕ್ಕೆ ಒಂದೆರಡು ವಾರ. ಆಮೇಲೆ ಸರ್ವೇಯರ್ ಬಂದು ಪೋಡಿ ಮಾಡಬೇಕು ನೋಡಿ, ಅಲ್ಲಿ ಶುರು. ಬದು ಎಲ್ಲಿ ಬರುತ್ತದೆ, ಬೋರ್‌ವೆಲ್ ಯಾರ ಕಡೆಗೆ, ಗಾಡಿ ದಾರಿ ಯಾರ ಹೊಲದ ಮೇಲೆ ಹೋಗಬೇಕು. ಅರ್ಧ ಎಕರೆಗೆ ಹದಿನೈದು ವರ್ಷ ಕೋರ್ಟು ಅಲೆದವರಿದ್ದಾರೆ. ಬ್ರಿಟನ್ನಿನ ಮತಪತ್ರದಲ್ಲಿ ಪಾಲು ಬೇಕೋ ಬೇಡವೋ ಅಂತ ಮಾತ್ರ ಕೇಳಿದ್ದರು. ಪೋಡಿ ನಕ್ಷೆ ಯಾರ ಕೈಯಲ್ಲೂ ಇರಲಿಲ್ಲ.

ನಕ್ಷೆ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಜಿಎಸ್‌ಟಿ ಬರೋದಕ್ಕೆ ಮುಂಚೆ ಅತ್ತಿಬೆಲೆಯಲ್ಲಿ ಲಾರಿಗಳ ಸಾಲು ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಡ್ರೈವರ್ ಕಾಗದ ಹಿಡಿದು ಮಾರಾಟ ತೆರಿಗೆ ಚೆಕ್‌ಪೋಸ್ಟ್ ಮುಂದೆ ನಿಲ್ಲಬೇಕಿತ್ತು. ಯುರೋಪಿನ ಏಕ ಮಾರುಕಟ್ಟೆ ಅಂದರೆ 1993ರಿಂದ ಅಂಥ ಸಾಲು ಇಲ್ಲ. ಸುಂಕವೂ ಇಲ್ಲ, ಒಂದು ದೇಶದಲ್ಲಿ ಪಾಸಾದ ಸಾಮಾನು ಎಲ್ಲ ದೇಶದಲ್ಲೂ ಪಾಸು, ಮನುಷ್ಯರೂ ಎಲ್ಲಿ ಬೇಕಾದರೂ ಹೋಗಿ ಕೆಲಸ ಮಾಡಬಹುದು. ಇದರಿಂದ ಹೊರಗೆ ಬರೋದಕ್ಕೆ ಹಲವು ದಾರಿ. ನಾರ್ವೆ ಥರ ಇರಬಹುದು: ಮಾರುಕಟ್ಟೆ ಒಳಗೇ ಇರೋದು, ದುಡ್ಡೂ ಕಟ್ಟೋದು, ಜನರಿಗೂ ಬಾಗಿಲು ತೆರೆದಿಡೋದು, ಆದರೆ ನಿಯಮ ಮಾಡುವ ಕೋಣೆಯಲ್ಲಿ ಕುರ್ಚಿ ಇಲ್ಲ. ಸ್ವಿಟ್ಜರ್ಲೆಂಡ್ ಥರ ನೂರಕ್ಕೂ ಜಾಸ್ತಿ ಬಿಡಿಬಿಡಿ ಒಪ್ಪಂದ ಇಟ್ಟುಕೊಳ್ಳಬಹುದು. ಟರ್ಕಿ ಥರ ಸುಂಕಕ್ಕೆ ಮಾತ್ರ ಸೇರಿಕೊಳ್ಳಬಹುದು. ಕೆನಡಾ ಥರ ದೂರದಿಂದ ವ್ಯಾಪಾರ ಒಪ್ಪಂದ ಮಾಡಿಕೊಳ್ಳಬಹುದು. ಆ ಕೆನಡಾ 2009ರಲ್ಲಿ ಮಾತುಕತೆ ಶುರುಮಾಡಿ ಸಹಿ ಹಾಕಿದ್ದು 2016ರ ಅಕ್ಟೋಬರಿಗೆ. ಇಲ್ಲವೇ ಏನೂ ಒಪ್ಪಂದ ಇಲ್ಲದೆ ಎದ್ದು ಬರಬಹುದು. ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ. ಎಲ್ಲದಕ್ಕೂ ಸೇರಿ ಒಂದೇ ಚೌಕ.

ನಮ್ಮ ಕಡೆ 2017ರ ಜುಲೈನಲ್ಲಿ ಆ ಚೆಕ್‌ಪೋಸ್ಟ್ ತೆಗೆದರು. ಬ್ರಿಟನ್ 2021ರ ಜನವರಿಯಲ್ಲಿ ಹೊಸದಾಗಿ ಹಾಕಿಕೊಂಡಿತು. ಇರಲಿ, ಕಥೆ ಮುಂದಕ್ಕೆ ಹೋಯಿತು.

ಪ್ರಚಾರದಲ್ಲಿ ಈ ನಕ್ಷೆಯ ಮಾತು ಬರಲೇ ಇಲ್ಲ. ಬಂದದ್ದು ಅಂಕಿ. ಒಂದು ಕಡೆ ಕೆಂಪು ಬಸ್ಸು. ಅದರ ಮೈಮೇಲೆ ದೊಡ್ಡಕ್ಷರದಲ್ಲಿ, ವಾರಕ್ಕೆ 35 ಕೋಟಿ ಪೌಂಡ್ ಯುರೋಪಿಗೆ ಕಳಿಸುತ್ತಿದ್ದೇವೆ, ಅದನ್ನು ನಮ್ಮ ಸರ್ಕಾರಿ ಆಸ್ಪತ್ರೆಗಳಿಗೆ ಹಾಕೋಣ ಎಂಬ ಅರ್ಥದ ಮಾತು. ನಾನು ಒಂದು ರಾತ್ರಿ ಊಟ ಮುಗಿಸಿ ಇದನ್ನು ಲೆಕ್ಕ ಹಾಕೋಕೆ ಕೂತೆ. ಬ್ರಿಟನ್ನಿನ ಪಾಲಿಗೆ ಬರುತ್ತಿದ್ದ ಚಂದಾ ವರ್ಷಕ್ಕೆ ಸುಮಾರು 1,800 ಕೋಟಿ ಪೌಂಡ್, ಅದನ್ನು 52 ವಾರಕ್ಕೆ ಭಾಗಿಸಿದರೆ ಹತ್ತಿರಹತ್ತಿರ 35 ಕೋಟಿ. ಸರಿ. ಆದರೆ 1984ರಲ್ಲಿ ಮಾರ್ಗರೆಟ್ ಥ್ಯಾಚರ್ ಜಗಳವಾಡಿ ಪಡೆದುಕೊಂಡಿದ್ದ ರಿಯಾಯಿತಿ ಒಂದಿತ್ತು. 2015ರಲ್ಲಿ ಅದು ಸುಮಾರು 490 ಕೋಟಿ. ಈ ದುಡ್ಡು ಕಳಿಸಿ ವಾಪಸ್ ತರಿಸೋದಲ್ಲ, ಕಳಿಸುವ ಮೊದಲೇ ಮುರಿದುಕೊಳ್ಳೋದು. ಅಂದರೆ ಅದು ಊರು ಬಿಟ್ಟು ಹೋಗುತ್ತಲೇ ಇರಲಿಲ್ಲ. ಆಮೇಲೆ ರೈತರಿಗೆ, ಬಡ ಪ್ರದೇಶಗಳಿಗೆ ಅಂತ ಯುರೋಪಿನಿಂದ ತಿರುಗಿ ಬರುತ್ತಿದ್ದದ್ದು ಇನ್ನೊಂದು 440 ಕೋಟಿ. ಎಲ್ಲ ಕಳೆದರೆ ಉಳಿಯೋದು ವರ್ಷಕ್ಕೆ 850 ಕೋಟಿ ಚಿಲ್ಲರೆ, ವಾರಕ್ಕೆ 16 ಕೋಟಿ. ಆರೂವರೆ ಕೋಟಿ ಜನಕ್ಕೆ ಹಂಚಿದರೆ ತಲೆಗೆ ವಾರಕ್ಕೆ ಎರಡೂವರೆ ಪೌಂಡ್. ಆಗ ಸ್ಲೌ ಸ್ಟೇಷನ್ನಿನಲ್ಲಿ ಒಂದು ಕಾಫಿಗೆ ಕೊಡುತ್ತಿದ್ದ ದುಡ್ಡು. ಈ 35 ಕೋಟಿ ದಾರಿ ತಪ್ಪಿಸುವಂಥದ್ದು ಎಂದು ದೇಶದ ಅಂಕಿಅಂಶ ಪ್ರಾಧಿಕಾರವೇ ಹೇಳಿತು. ಬಸ್ಸು ಮಾತ್ರ ಓಡುತ್ತಲೇ ಇತ್ತು. ತಮಾಷೆ ಏನೆಂದರೆ, 35 ಅಲ್ಲ 16 ಅಂತ ಎದುರು ಕಡೆಯವರು ಟಿವಿಯಲ್ಲಿ ಕೂಗಾಡಿದಷ್ಟೂ ಜನರ ತಲೆಯಲ್ಲಿ ಕೂತದ್ದು ಒಂದೇ, ನಾವು ದುಡ್ಡು ಕಳಿಸುತ್ತಿದ್ದೇವೆ.

ಇನ್ನೊಂದು ಕಡೆಯವರು ಸಾಚಾ ಅಂದುಕೊಳ್ಳಬೇಡಿ. ಬಿಟ್ಟರೆ ಪ್ರತಿ ಮನೆಗೂ ವರ್ಷಕ್ಕೆ 4,300 ಪೌಂಡ್ ನಷ್ಟ ಎಂದು ಹಣಕಾಸು ಇಲಾಖೆ ಏಪ್ರಿಲ್‌ನಲ್ಲಿ ಹೇಳಿತು. ನಮ್ಮ ಮನೆಯಲ್ಲಿ ಹೆಂಡತಿ ಪೇಪರ್ ಮಡಚಿಟ್ಟು, ‘ಇದು ನಮ್ಮ ಜೇಬಿಂದ ಹೋಗುತ್ತಾ?’ ಅಂತ ಕೇಳಿದಳು. ಇಲ್ಲ. 15 ವರ್ಷದ ನಂತರ ದೇಶದ ಒಟ್ಟು ಉತ್ಪನ್ನ, ಒಳಗಿದ್ದಿದ್ದರೆ ಎಷ್ಟು ಇರುತ್ತಿತ್ತೋ ಅದಕ್ಕಿಂತ ಶೇ. 6.2ರಷ್ಟು ಕಡಿಮೆ ಇರಬಹುದು ಎಂಬ ಅಂದಾಜು ಅದು. ಆ ಮೊತ್ತವನ್ನು ಮನೆಗಳ ಸಂಖ್ಯೆಯಿಂದ ಭಾಗಿಸಿದ್ದರು, ಅಷ್ಟೇ. ಹೀಗೆ ಅಂದುಕೊಳ್ಳಿ: ಇವತ್ತು 100 ಇರುವುದು ಹದಿನೈದು ವರ್ಷಕ್ಕೆ 130 ಆಗಬೇಕಿತ್ತು, 122 ಆಗುತ್ತದೆ. ಅದೂ ನಷ್ಟವೇ, ಸಣ್ಣದೇನಲ್ಲ. ಆದರೆ ‘ನಿಮ್ಮ ಮನೆಗೆ 4,300 ನಷ್ಟ’ ಅಂದಾಗ ಕೇಳಿದವರಿಗೆ ಬರುವ ಚಿತ್ರ ಬೇರೆ. ಮೇ ತಿಂಗಳಲ್ಲಿ ಇನ್ನೊಂದು ಹೆದರಿಕೆ ಬಿಟ್ಟರು. ಬಿಡುವುದಕ್ಕೆ ಮತ ಬಿದ್ದ ಕೂಡಲೇ ಒಂದು ವರ್ಷ ಆರ್ಥಿಕ ಹಿಂಜರಿತ, ಐದು ಲಕ್ಷ ಕೆಲಸ ಹೋಗುತ್ತವೆ ಅಂತ. ಆಗಲಿಲ್ಲ. ಆಗದೇ ಹೋದದ್ದರಿಂದ ನಿಧಾನಕ್ಕೆ ಆಗಬಹುದಾದದ್ದರ ಬಗ್ಗೆ ಹೇಳಿದ್ದನ್ನೂ ಜನ ನಂಬದೇ ಹೋದರು.

ಇಷ್ಟು ಲೆಕ್ಕ ಹಾಕಿದ ಮೇಲೆ ನನಗೆ ಗೊತ್ತಾದದ್ದು, ಈ ಅಂಕಿಗಳ ಮೇಲೆ ಓಟು ಹಾಕೋಕೆ ಆಗಲ್ಲ ಅಂತ. ಒಂದು ಕಡೆಯವರು ಕಾಫಿ ಬೆಲೆಯನ್ನು ಆಸ್ಪತ್ರೆ ಮಾಡಿದ್ದರು, ಇನ್ನೊಂದು ಕಡೆಯವರು ಬರದೇ ಇರುವ ಲಾಭವನ್ನು ಕಳ್ಳತನದ ಥರ ತೋರಿಸಿದ್ದರು.

ವಲಸೆ ಅಂಕಿಯಂತೂ ಇನ್ನೂ ಮಜಾ. ಮತದಾನಕ್ಕೆ ನಾಲ್ಕು ವಾರ ಇದ್ದಾಗ 2015ರ ಲೆಕ್ಕ ಹೊರಗೆ ಬಂತು. ಬಂದವರಿಂದ ಹೋದವರನ್ನು ಕಳೆದರೆ ನಿವ್ವಳ 3 ಲಕ್ಷ 33 ಸಾವಿರ. ಒಂದು ಲಕ್ಷದ ಒಳಗೆ ಇಳಿಸುತ್ತೇನೆ ಎಂದು ಆಗಿನ ಪ್ರಧಾನಿ ಡೇವಿಡ್ ಕ್ಯಾಮರಾನ್ ಮಾತು ಕೊಟ್ಟಿದ್ದರು. ಇದೇ ಸಾಕಾಯಿತು. ಆದರೆ ಒಡೆದು ನೋಡಿದರೆ ಯುರೋಪಿನಿಂದ ಬಂದ ನಿವ್ವಳ 1 ಲಕ್ಷ 84 ಸಾವಿರ, ಯುರೋಪಿನ ಹೊರಗಿನಿಂದ 1 ಲಕ್ಷ 88 ಸಾವಿರ (ದೇಶ ಬಿಟ್ಟು ಹೋದ ಬ್ರಿಟಿಷರನ್ನು ಕಳೆದಾಗ ಒಟ್ಟು ಆ 3 ಲಕ್ಷ 33 ಸಾವಿರ). ಹೊರಗಿನವರು ಅಂದರೆ ನಾವು. ನಮಗೆ ವೀಸಾ ಕೊಡೋದು ಬಿಡೋದು ಪೂರ್ತಿ ಲಂಡನ್ ಕೈಯಲ್ಲೇ ಇತ್ತು, ಒಕ್ಕೂಟದ ಕಚೇರಿಗಳಿರುವ ಬ್ರಸೆಲ್ಸಿನ ಮಾತೇ ಇರಲಿಲ್ಲ. ಹಿಡಿತ ವಾಪಸ್ ತಗೊಳ್ಳೋಣ ಎಂಬ ಘೋಷಣೆ ಕೇಳಿದಾಗಲೆಲ್ಲ ನನಗೆ ಅನಿಸುತ್ತಿದ್ದದ್ದು ಇದು: ಹಿಡಿತ ಇರುವ ಕಡೆಯೇ ಅರ್ಧಕ್ಕಿಂತ ಜಾಸ್ತಿ ಬರುತ್ತಿದ್ದಾರಲ್ಲ ಸ್ವಾಮಿ.

ಆದರೆ ನಮ್ಮವರಲ್ಲಿ ಬಿಡೋಣ ಅಂದವರು ಕಡಿಮೆ ಇರಲಿಲ್ಲ. ಸ್ಲೌ ಊರಿನಲ್ಲಿ ನೂರಕ್ಕೆ 54 ಮಂದಿ ಬಿಡೋಣ ಅಂದರು. ಲೂಟನ್ನಿನಲ್ಲೂ ಹಾಗೇ. ಲೆಸ್ಟರ್ ಕೂದಲೆಳೆಯಲ್ಲಿ ಉಳಿಯೋ ಕಡೆಗೆ ಬಿತ್ತು. (ನಮ್ಮ ಬಸವಣ್ಣನವರ ಪ್ರತಿಮೆ ಇದೆಯಲ್ಲ ಥೇಮ್ಸ್ ದಡದಲ್ಲಿ, ಲ್ಯಾಂಬೆತ್, ಅಲ್ಲಿ ಮಾತ್ರ ನೂರಕ್ಕೆ ಸುಮಾರು 79 ಮಂದಿ ಉಳಿಯೋಣ ಅಂದಿದ್ದರು.) ನನ್ನ ಜೊತೆ ಕೆಲಸಕ್ಕಿದ್ದ ದಾವಣಗೆರೆ ಗೆಳೆಯ ಒಬ್ಬ ಬಿಡೋ ಪಾರ್ಟಿ. ಮಧ್ಯಾಹ್ನ ಕ್ಯಾಂಟೀನಲ್ಲಿ ಡಬ್ಬಿ ಬಿಚ್ಚಿಕೊಂಡು ನಮ್ಮದು ದಿನಾ ಇದೇ ವಾದ.

‘ಗುರೂ, ರೊಮೇನಿಯಾದವನು ಇವತ್ತು ಬಸ್ಸು ಹತ್ತಿ ಬಂದು ನಾಳೆ ಕೆಲಸಕ್ಕೆ ಸೇರಬಹುದು. ನನ್ನ ತಮ್ಮ ಎಂಟೆಕ್ ಮಾಡಿದ್ದಾನೆ, ಅವನಿಗೆ ಕಂಪನಿಯವರು 28 ದಿನ ಜಾಹೀರಾತು ಹಾಕಿ, ಇಲ್ಲಿ ಯಾರೂ ಸಿಗಲಿಲ್ಲ ಅಂತ ಸಾಬೀತು ಮಾಡಿ, ಆಮೇಲೆ ಕೋಟಾದಲ್ಲಿ ಜಾಗ ಸಿಕ್ಕರೆ ವೀಸಾ. ಇದ್ಯಾವ ನ್ಯಾಯ ಹೇಳು.’

‘ಅವರನ್ನು ತಡೆದರೆ ನಮ್ಮನ್ನು ಬಿಡುತ್ತಾರೆ ಅಂತ ಯಾರು ಹೇಳಿದರು?’

‘ಯಾರಾದರೂ ಬೇಕಲ್ಲ ಇವರಿಗೆ ಕೆಲಸಕ್ಕೆ. ನೋಡ್ತಾ ಇರು.’

ಅವನು ಹೇಳಿದ್ದರಲ್ಲಿ ಸತ್ಯ ಇತ್ತು, ಅದನ್ನು ಆಗಲೂ ಒಪ್ಪಿದ್ದೆ. ಆಗ ಸಚಿವೆಯಾಗಿದ್ದರೂ ಬಿಡುವ ಕಡೆ ನಿಂತಿದ್ದ ಪ್ರೀತಿ ಪಟೇಲ್ ಕೂಡ ಇದೇ ತಂತಿ ಮೀಟಿದರು. ಯುರೋಪಿನವರಿಗೆ ಬಾಗಿಲು ಹಾಕಿದರೆ ದಕ್ಷಿಣ ಏಷ್ಯಾದಿಂದ ಅಡುಗೆಯವರನ್ನು ಕರೆಸಬಹುದು, ಮುಚ್ಚಿಹೋಗುತ್ತಿರುವ ಕರಿ ಹೋಟೆಲುಗಳು ಉಳಿಯುತ್ತವೆ ಎಂದು. ಆ ಹೋಟೆಲುಗಳಲ್ಲಿ ಬಹುಪಾಲು ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರದ್ದು. ಅವರ ಮುಖಂಡರು ಹಲವರು ನಂಬಿ ಬಿಡುವ ಕಡೆ ನಿಂತರು. ಬಾಗಿಲು ಹಾಗೆ ತೆರೆಯಲಿಲ್ಲ, ಮೋಸ ಹೋದೆವು ಎಂದು ಆಮೇಲೆ ಅವರೇ ದೂರಿದರು.

ಅಂಕಿಗೆ ಸಿಗದ ಒಂದು ವಾದವೂ ಇತ್ತು. ಬಿಡುವವರ ಕಡೆಯಿಂದ ಬಂದ ವಾದಗಳಲ್ಲಿ ನನಗೆ ನಿಜವಾಗಿ ನಾಟಿದ್ದು ಅದೊಂದೇ. ಬ್ರಿಟನ್ 1973ರಲ್ಲಿ ಸೇರಿದಾಗ ಒಟ್ಟು ಒಂಬತ್ತು ದೇಶ, ಹೆಸರು ಕೂಡ ಆರ್ಥಿಕ ಸಮುದಾಯ. 1975ರಲ್ಲಿ ಇದೇ ಥರ ಜನಮತ ಆದಾಗ ನೂರಕ್ಕೆ 67 ಮಂದಿ ಇರೋಣ ಅಂದಿದ್ದರು. 2016ರ ಹೊತ್ತಿಗೆ 28 ದೇಶ, ಜನರೇ ನೇರವಾಗಿ ಆರಿಸುವ ಪಾರ್ಲಿಮೆಂಟು, ಹಲವರಿಗೆ ಒಂದೇ ನಾಣ್ಯ. ನಮ್ಮ ಆಫೀಸಿನ ಒಬ್ಬ ಹಿರಿಯ ಇಂಗ್ಲಿಷಿನವರು, 1975ರಲ್ಲಿ ಇರೋಣ ಎಂದು ಮತ ಹಾಕಿದ್ದವರು, ಈ ಸಲ ಬಿಡೋಣ ಅಂದರು. ನಾವು ಸಂತೆಗೆ ಅಂತ ಹೋದೆವು, ಅವರು ಅಲ್ಲೇ ಮನೆ ಕಟ್ಟಿ ಹಿರಿತನ ಶುರುಮಾಡಿದರು ಅನ್ನೋದು ಅವರ ಮಾತಿನ ಸಾರ. ಕಾನೂನು ಮಾಡಿದವನು ಸರಿ ಇಲ್ಲ ಅಂದರೆ ಮುಂದಿನ ಚುನಾವಣೆಯಲ್ಲಿ ಮನೆಗೆ ಕಳಿಸೋ ಹಾಗಿರಬೇಕು. ಬ್ರಸೆಲ್ಸಿನಲ್ಲಿ ಕೂತವನನ್ನು ನಾನು ಹೇಗೆ ಕಳಿಸಲಿ? ಇದಕ್ಕೆ ವಾರಕ್ಕೆ ಎಷ್ಟು ಪೌಂಡ್ ಅನ್ನೋದು ಉತ್ತರ ಅಲ್ಲ. ಸ್ವಲ್ಪ ಬಡವರಾದರೂ ಪರವಾಗಿಲ್ಲ, ನಮ್ಮದು ನಾವೇ ನೋಡಿಕೊಳ್ಳುತ್ತೇವೆ ಅಂತ ಒಬ್ಬರು ತಿಳಿದೂ ತಿಳಿದು ಹೇಳಿದರೆ ಅದು ಸರಿಯಾದ ಓಟೇ. ನಮ್ಮ ದೇಶದಲ್ಲೇ ಆ ಮಾತು ಹೇಳಿ ತಾನೇ ಇವರನ್ನು ಕಳಿಸಿದ್ದು?

ಹಾಗಿದ್ದರೆ ನಾನು ಯಾಕೆ ಉಳಿಯೋ ಕಡೆ ಹಾಕಿದೆ?

ಒಂದು ಕಾರಣ, ವಾಪಸ್ ಬರುವ ದಾರಿ. ಉಳಿದರೆ ಐದು ವರ್ಷ ಬಿಟ್ಟು ಬೇಕಾದರೆ ಬಿಡಬಹುದು. ಬಿಟ್ಟರೆ ಅದೇ ಷರತ್ತಿನ ಮೇಲೆ ಮತ್ತೆ ಸೇರೋಕೆ ಆಗಲ್ಲ. ಬ್ರಿಟನ್ ಹತ್ತಿರ ಇದ್ದದ್ದು ಮಿಕ್ಕವರಿಗೆ ಇಲ್ಲದ ಸವಲತ್ತು. ಯೂರೋ ಬೇಡ ಅಂದಿತ್ತು, ಪೌಂಡ್ ಉಳಿಸಿಕೊಂಡಿತ್ತು. ಗಡಿಯಲ್ಲಿ ಪಾಸ್‌ಪೋರ್ಟ್ ನೋಡದೆ ಬಿಡುವ ಷೆಂಗನ್ ಏರ್ಪಾಡು ಬೇಡ ಅಂದಿತ್ತು. ಮೇಲೆ ಥ್ಯಾಚರ್ ರಿಯಾಯಿತಿ. ಒಮ್ಮೆ ಎದ್ದು ಹೋದವನಿಗೆ ಇದನ್ನೆಲ್ಲ ಮತ್ತೆ ಯಾರು ಕೊಡುತ್ತಾರೆ? ಒಂದು ಬಾಗಿಲು ಎರಡೂ ಕಡೆ ತೆರೆಯುತ್ತದೆ, ಇನ್ನೊಂದು ಹೊರಗಡೆಗೆ ಮಾತ್ರ. ಸಂಶಯ ಇದ್ದಾಗ ಮೊದಲನೆಯದರಲ್ಲೇ ನಿಲ್ಲೋಣ ಅನಿಸಿತು. ಹಳೇ ಬಾಡಿಗೆದಾರನ ಬುದ್ಧಿ ಅನ್ನಿ ಬೇಕಾದರೆ.

ಎರಡನೆಯದು ಐರ್ಲೆಂಡ್. ನಿಜ ಹೇಳಬೇಕೆಂದರೆ ಅದು ನನ್ನ ತಲೆಗೆ ಬಂದದ್ದು ಕೊನೆಯ ಎರಡು ವಾರದಲ್ಲಿ. ಜೂನ್ 9ರಂದು ಜಾನ್ ಮೇಜರ್, ಟೋನಿ ಬ್ಲೇರ್ ಇಬ್ಬರೂ ಹಳೇ ಪ್ರಧಾನಿಗಳು, ಬೇರೆ ಬೇರೆ ಪಕ್ಷದವರು, ಒಟ್ಟಿಗೆ ಉತ್ತರ ಐರ್ಲೆಂಡಿನ ಡೆರಿ ಊರಿಗೆ ಹೋಗಿ ಎಚ್ಚರಿಸಿದರು. ಉತ್ತರ ಐರ್ಲೆಂಡ್ ಬ್ರಿಟನ್ನಿಗೆ ಸೇರಿದ್ದು, ಮಿಕ್ಕ ಐರ್ಲೆಂಡ್ ಒಕ್ಕೂಟದೊಳಗಿನ ಬೇರೆ ದೇಶ. ದ್ವೀಪದ ಮಧ್ಯೆ ಸುಮಾರು 500 ಕಿಲೋಮೀಟರ್ ಗಡಿ, ಅದನ್ನು ದಾಟುವ ರಸ್ತೆಗಳೇ 200ಕ್ಕೂ ಜಾಸ್ತಿ. ಮೂವತ್ತು ವರ್ಷ ಬಾಂಬು, ಬಂದೂಕು ನೋಡಿದ ಜಾಗ. 1993ರಲ್ಲಿ ಏಕ ಮಾರುಕಟ್ಟೆ ಬಂದಾಗಲೇ ಅಲ್ಲಿ ಕಸ್ಟಮ್ಸ್ ಹೋಗಿತ್ತು, 1998ರ ಶಾಂತಿ ಒಪ್ಪಂದದ ನಂತರ ಸೈನಿಕರ ಚೌಕಿಗಳೂ ಹೋದವು, ರಸ್ತೆ ಗುರುತು ಮೈಲಿಯಿಂದ ಕಿಲೋಮೀಟರಿಗೆ ಬದಲಾದಾಗಲೇ ಗಡಿ ದಾಟಿದ್ದು ಗೊತ್ತಾಗೋದು. ಬ್ರಿಟನ್ ಮಾರುಕಟ್ಟೆಯಿಂದಲೂ ಸುಂಕದಿಂದಲೂ ಹೊರಗೆ ಹೋದರೆ ಎಲ್ಲೋ ಒಂದು ಕಡೆ ಲಾರಿ ನಿಲ್ಲಿಸಲೇಬೇಕು. ಗಡಿಯಲ್ಲಿ ನಿಲ್ಲಿಸಿದರೆ ಹಳೇ ಗಾಯ ಕೆರೆದಂತೆ. ಸಮುದ್ರದಲ್ಲಿ ನಿಲ್ಲಿಸಿದರೆ ಒಂದೇ ದೇಶದ ಎರಡು ತುಂಡಿನ ಮಧ್ಯೆ ಗೆರೆ. ಮೂರನೇ ದಾರಿ ಇಲ್ಲ. ಇದೇ ಆ ಪೋಡಿಯ ಬದು. ಇಂಗ್ಲೆಂಡಿನ ಟಿವಿಯಲ್ಲಿ ಈ ಸುದ್ದಿ ಬಂದು ಹೋಯಿತು, ಮರುದಿನ ಯಾರೂ ಮಾತಾಡಲಿಲ್ಲ. ಆಮೇಲೆ ನಾಲ್ಕು ವರ್ಷ ಬೇರೆ ಏನನ್ನೂ ಮಾತಾಡಲಿಲ್ಲ.

ಬರೀ ಮೀನಿಗಾಗಿ ಇದೇ ಯುರೋಪಿನ ಮನೆ ಬಿಟ್ಟವರೂ ಇದ್ದಾರೆ. ಗ್ರೀನ್‌ಲ್ಯಾಂಡ್ 1982ರಲ್ಲಿ ಜನಮತ ಮಾಡಿ, ನೂರಕ್ಕೆ ಸುಮಾರು 53ರ ಲೆಕ್ಕದಲ್ಲಿ ಬಿಡೋಣ ಎಂದು ತೀರ್ಮಾನಿಸಿತು. ಐವತ್ತು ಸಾವಿರ ಚಿಲ್ಲರೆ ಜನ, ಮುಖ್ಯ ತಕರಾರು ಒಂದೇ, ನಮ್ಮ ಸಮುದ್ರದ ಮೀನು ಯಾರು ಹಿಡಿಯಬೇಕು. ಅಷ್ಟಕ್ಕೇ ಹೊರಗೆ ಬರೋದಕ್ಕೆ 1985 ಆಯಿತು. ಇಲ್ಲಿ ಆರೂವರೆ ಕೋಟಿ ಜನ, ಔಷಧಿಯಿಂದ ವಿಮಾನದವರೆಗೆ ನಲವತ್ತು ವರ್ಷದ ಹೆಣಿಗೆ. ಎರಡು ವರ್ಷದಲ್ಲಿ ಮುಗಿಸುತ್ತೇವೆ ಅಂದಾಗ ಯಾರಾದರೂ ನಗಬೇಕಿತ್ತು.

ನಾನು ಎಡವಿದ್ದು ಎಲ್ಲಿ ಅಂದರೆ, ಯಾರು ಮಾಡುತ್ತಾರೆ ಅನ್ನೋ ಪ್ರಶ್ನೆ ಕೇಳಿಕೊಳ್ಳಲೇ ಇಲ್ಲ. ಸರ್ಕಾರ 93 ಲಕ್ಷ ಪೌಂಡ್ ಖರ್ಚು ಮಾಡಿ 2 ಕೋಟಿ 70 ಲಕ್ಷ ಮನೆಗೆ ಒಂದು ಕಿರುಹೊತ್ತಿಗೆ ಹಂಚಿತ್ತು. ಉಳಿಯಿರಿ ಅನ್ನೋದೇ ಅದರ ಸಾರ, ಬಿಡುವವರು ಸಿಟ್ಟಾಗಿದ್ದರು. ಅದರಲ್ಲೇ ಇತ್ತು, ನೀವು ಏನು ತೀರ್ಮಾನಿಸುತ್ತೀರೋ ಅದನ್ನು ಸರ್ಕಾರ ಜಾರಿ ಮಾಡುತ್ತದೆ ಅಂತ. ಕಾನೂನಿನಲ್ಲಿ ಆ ಮಾತು ಇರಲಿಲ್ಲ. ಕಾನೂನಿನ ಪ್ರಕಾರ ಜನಮತ ಬರೀ ಸಲಹೆ. ಸಲಹೆ ಆದ್ದರಿಂದ ಕನಿಷ್ಠ ಇಷ್ಟು ಮತ ಬೀಳಬೇಕು ಅಂತ ಯಾರೂ ಇಡಲಿಲ್ಲ. 1979ರಲ್ಲಿ ಸ್ಕಾಟ್ಲೆಂಡಿಗೆ ತನ್ನದೇ ಸಭೆ ಬೇಕೋ ಎಂದು ಕೇಳಿದಾಗ ಪಟ್ಟಿಯಲ್ಲಿರುವ ಮತದಾರರಲ್ಲಿ ನೂರಕ್ಕೆ 40 ಮಂದಿ ಹೌದು ಅನ್ನಬೇಕು ಎಂದು ಷರತ್ತು ಹಾಕಿದ್ದರು. ಹಾಕಿದ ಮತದಲ್ಲಿ 51.6 ಹೌದು ಬಿದ್ದರೂ ಪಟ್ಟಿಯ ಲೆಕ್ಕದಲ್ಲಿ 33 ಕೂಡ ಮುಟ್ಟಲಿಲ್ಲ, ಬಿದ್ದುಹೋಯಿತು. 2016ರಲ್ಲಿ ಬಿಡೋಣ ಅಂದವರು ಹಾಕಿದ ಮತದಲ್ಲಿ 51.9, ಪಟ್ಟಿಯ ಲೆಕ್ಕದಲ್ಲಿ ಸುಮಾರು 37. ಹಳೇ ಷರತ್ತು ಇದ್ದಿದ್ದರೆ ಕಥೆಯೇ ಬೇರೆ. ಹಾಗಂತ ಆಟ ಮುಗಿದ ಮೇಲೆ ನಿಯಮ ಬದಲಾಯಿಸೋಕೆ ಆಗಲ್ಲ, ಸೋತವರು ಅದನ್ನೇ ಹಿಡಿದು ಕೂತದ್ದು ನನಗೆ ಸರಿ ಕಾಣಲಿಲ್ಲ.

ಫಲಿತಾಂಶ ಬಂದ ಬೆಳಗ್ಗೆಯೇ ಕ್ಯಾಮರಾನ್ ರಾಜೀನಾಮೆ ಹೇಳಿದರು. ಜನಮತ ಕರೆದವರೇ ಮನೆಗೆ. ಊರಿಗೆ ದುಡ್ಡು ಕಳಿಸೋಣ ಅಂತ ನೋಡಿದರೆ ನೂರು ರೂಪಾಯಿ ಹತ್ತಿರ ಇದ್ದ ಪೌಂಡ್ ಆರೇಳು ರೂಪಾಯಿ ಇಳಿದಿತ್ತು. ಬ್ಯಾಂಕ್ ಲೋನ್ ಕಂತಿಗೆ ಕಳಿಸುವವರೆಲ್ಲ ಅವತ್ತು ವಾಟ್ಸಾಪ್ ಗುಂಪಿನಲ್ಲಿ ತಲೆ ಚಚ್ಚಿಕೊಂಡರು, ಬಿಡೋಣ ಅಂದಿದ್ದ ದಾವಣಗೆರೆಯವನೂ. ಮುಂದಿನದ್ದು ನಿಮಗೆ ಗೊತ್ತು. ಮುಂದಿನ ಪ್ರಧಾನಿ ತೆರೇಸಾ ಮೇ ತಂದ ಒಪ್ಪಂದ 2019ರ ಜನವರಿಯಲ್ಲಿ 202ಕ್ಕೆ 432 ಮತಗಳಿಂದ ಪಾರ್ಲಿಮೆಂಟಿನಲ್ಲಿ ಮುಗ್ಗರಿಸಿತು. ಬಿಡಬೇಕು ಅನ್ನೋರೂ ವಿರುದ್ಧ ಹಾಕಿದರು, ಉಳಿಯಬೇಕು ಅನ್ನೋರೂ ಹಾಕಿದರು. ಒಂದು ಚೌಕದೊಳಗೆ ಹತ್ತು ಉತ್ತರ ತುರುಕಿದ್ದು ಅಲ್ಲಿ ಹೊರಗೆ ಬಿತ್ತು. ಹೊರಗೆ ಹೋದದ್ದು 2020ರ ಜನವರಿ 31ಕ್ಕೆ, ಬೋರಿಸ್ ಜಾನ್ಸನ್ ಕಾಲದಲ್ಲಿ. ಗೆರೆಯನ್ನು ಸಮುದ್ರದಲ್ಲಿ ಎಳೆದರು.

ಯಾರು ಹೇಳಿದ್ದು ನಿಜ ಆಯಿತು? ಇಬ್ಬರದ್ದೂ ಇಲ್ಲ. ಉತ್ಪಾದಕತೆ ದೀರ್ಘಕಾಲದಲ್ಲಿ ಶೇ. 4ರಷ್ಟು ಕಡಿಮೆ ಆಗುತ್ತದೆ ಎಂದು ಸರ್ಕಾರದ್ದೇ ಬಜೆಟ್ ಹೊಣೆಗಾರಿಕೆ ಕಚೇರಿ ಲೆಕ್ಕ ಇಟ್ಟುಕೊಂಡಿದೆ. ಜ್ವರ ಬಂದು ಮಲಗಿದ ಹಾಗಲ್ಲ, ಊಟ ಸ್ವಲ್ಪ ಸ್ವಲ್ಪ ಕಡಿಮೆ ಆದ ಹಾಗೆ. ವಲಸೆ ಇಳಿಯುತ್ತದೆ ಎಂದು ಬಿಟ್ಟವರು ಅಂದುಕೊಂಡದ್ದು ತಲೆಕೆಳಗಾಯಿತು. 2023ರ ಹೊತ್ತಿಗೆ ನಿವ್ವಳ ವಲಸೆ 9 ಲಕ್ಷ ದಾಟಿತು, ಯುರೋಪಿನವರು ವಾಪಸ್ ಹೋಗುತ್ತಿದ್ದರು, ಬಂದವರಲ್ಲಿ ಮುಂದಿನ ಸಾಲಿನಲ್ಲಿ ನಾವು. ನನ್ನ ಗೆಳೆಯ ಗೆದ್ದ. 2021ರಿಂದ 28 ದಿನದ ಜಾಹೀರಾತು ಹೋಯಿತು, ಕೋಟಾ ಹೋಯಿತು, ವೀಸಾಗೆ ಬೇಕಾದ ಕನಿಷ್ಠ ಸಂಬಳದ ಮಿತಿ ವರ್ಷಕ್ಕೆ 30 ಸಾವಿರದಿಂದ 25,600 ಪೌಂಡಿಗೆ ಇಳಿಯಿತು. ಅವನ ತಮ್ಮ ಬಂದ. ಆಮೇಲೆ 2024ರ ಏಪ್ರಿಲ್‌ನಲ್ಲಿ ಅದೇ ಮಿತಿ 38,700ಕ್ಕೆ ಹಾರಿತು, ಮರುವರ್ಷ 41,700. ಖಾಯಂ ವಾಸಕ್ಕೆ ಐದು ವರ್ಷದ ಬದಲು ಹತ್ತು ವರ್ಷ ಎಂಬ ಪ್ರಸ್ತಾಪವೂ 2025ರಲ್ಲಿ ಬಂತು. ತಮ್ಮ ಈಗ ದಿನ ಎಣಿಸುತ್ತಿದ್ದಾನೆ. ಭಾರತದ ಜೊತೆ ವ್ಯಾಪಾರ ಒಪ್ಪಂದಕ್ಕೆ 2025ರ ಜುಲೈನಲ್ಲಿ ಸಹಿ ಬಿತ್ತು, ಒಕ್ಕೂಟದೊಳಗೆ ಇದ್ದಿದ್ದರೆ ಬ್ರಿಟನ್ ಒಂದೇ ಕೂತು ಅದನ್ನು ಮಾಡಲು ಆಗುತ್ತಿರಲಿಲ್ಲ. ಸ್ಕಾಚ್ ವಿಸ್ಕಿ ಮೇಲಿನ ಸುಂಕ ಶೇ. 150ರಿಂದ 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ ಅಂತ ಅದರಲ್ಲಿದೆ. ಬಿಟ್ಟಿದ್ದರ ಲಾಭ ನಮ್ಮೂರಿನ ಬಾರುಗಳವರೆಗೆ ಬರುತ್ತದೆ ಅಂತ ನಾನಂತೂ 2016ರಲ್ಲಿ ಲೆಕ್ಕ ಹಾಕಿರಲಿಲ್ಲ.

2024ರ ಜುಲೈ 4ರ ಚುನಾವಣೆಗೆ ಅದೇ ಶಾಲೆಗೆ ಹೋದೆ. ಈ ಸಲ ಫೋಟೋ ಇರುವ ಗುರುತಿನ ಚೀಟಿ ಕೇಳಿದರು, ಅಷ್ಟರಲ್ಲಿ ಹೊಸ ಕಾನೂನು ಬಂದಿತ್ತು. ನನಗೆ ಖಾಯಂ ವಾಸದ ಅನುಮತಿ ಸಿಕ್ಕಿದೆ, ಪಾಸ್‌ಪೋರ್ಟ್ ಮಾತ್ರ ಬದಲಾಯಿಸಿಲ್ಲ. ಅದೇ ಭಾರತದ ಪಾಸ್‌ಪೋರ್ಟ್ ತೋರಿಸಿದೆ. ಕಾಮನ್‌ವೆಲ್ತ್ ಪಾಸ್‌ಪೋರ್ಟ್ ನಡೆಯುತ್ತದೆ, ಒಳಗೆ ಬಿಟ್ಟರು. ಹೊರಗೆ ಬಂದಾಗ ಪೋಲೆಂಡಿನ ಪಕ್ಕದ ಮನೆಯವರು ನಾಯಿ ಹಿಡಿದುಕೊಂಡು ಗೇಟಿನ ಹತ್ತಿರ ಹೋಗುತ್ತಿದ್ದರು. ಅವರಿಗೂ ಈಗ ಖಾಯಂ ವಾಸ ಸಿಕ್ಕಿದೆ, ಹತ್ತೊಂಬತ್ತು ವರ್ಷ ಆಯಿತು ಬಂದು. ಈ ಓಟು ಇನ್ನೂ ಇಲ್ಲ.

‘ಯಾರಿಗೆ ಹಾಕಿದೆ?’ ಅಂದರು.

ಹೇಳಿದೆ. ತಲೆ ಅಲ್ಲಾಡಿಸಿ, ನಾಯಿಯನ್ನು ಎಳೆದುಕೊಂಡು ಮುಂದೆ ಹೋದರು.